ಬಾವಿಯ ಪಂಪು ಮತ್ತು ಒತ್ತಡದ ನೀರು

(ಸಂಘದ ಬೆಳ್ಳಿಹಬ್ಬದ ಸಲುವಾಗಿ ಸದಸ್ಯರಿಗೆ ಏರ್ಪಡಿಸಿದ್ದ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಇಪ್ಪತ್ತೈದು ವರ್ಷಗಳ ಚರಿತ್ರೆ ಹೇಳಲು ನನಗಿಂತ ಹಿರಿಯರು ವೇದಿಕೆಯ ಮೇಲಿದ್ದಾರೆ. ಪಂಪು ರಿಪೇರಿ ಮಾಡುವವನು ಪಂಪಿನ ಮಾತಾಡಿದರೆ ಸಾಕು ಎಂದು ಕಾರ್ಯದರ್ಶಿಗಳು ಅಪ್ಪಣೆ ಕೊಟ್ಟಿದ್ದಾರೆ. ಆ ಧೈರ್ಯದ ಮೇಲೆ ನಿಮ್ಮ ಮುಂದೆ ನಿಂತಿದ್ದೇನೆ.

ಹಗ್ಗ ಕೊಡ ಹಿಡಿದು ಬಾವಿಯಿಂದ ನೀರು ಸೇದಿದವರು ಈ ಸಭೆಯಲ್ಲಿ ಬೇಕಾದಷ್ಟು ಜನ ಇದ್ದೀರಿ. ಆಮೇಲೆ ಪಂಪು ಬಂತು, ತಾರಸಿಯ ಮೇಲೆ ಟ್ಯಾಂಕು ಬಂತು. ಅದರಲ್ಲಿ ಹೆದರುವಂಥದ್ದು ಹೆಚ್ಚೇನೂ ಇರಲಿಲ್ಲ. ಟ್ಯಾಂಕು ತುಂಬಿದರೆ ನೀರು ಅಂಗಳಕ್ಕೆ ಚೆಲ್ಲುತ್ತದೆ, ಒಳಗಿನಿಂದ ಯಾರೋ ಕೂಗುತ್ತಾರೆ, ಇನ್ಯಾರೋ ಓಡಿ ಸ್ವಿಚ್ಚು ಆಫ್ ಮಾಡುತ್ತಾರೆ, ಅಷ್ಟೇ. ಈಗ ಕಟ್ಟುವ ಮನೆಗಳಲ್ಲಿ ಷವರು, ಬಟ್ಟೆ ಒಗೆಯುವ ಯಂತ್ರ, ಗೀಸರು ಎಲ್ಲ ಉಂಟು. ಅದಕ್ಕಾಗಿ ಪ್ರೆಶರ್ ಪಂಪು ಇಡುತ್ತಾರೆ. ಈ ಪಂಪು ನೀರನ್ನು ಮುಚ್ಚಿದ ಪೈಪಿನೊಳಗೆ ತುರುಕುತ್ತದೆ. ಹೆಚ್ಚಾದ ನೀರು ಚೆಲ್ಲಲು ಅಲ್ಲಿ ಬಾಯಿಯೇ ಇಲ್ಲ. ನಾನು ಹೇಳಬೇಕೆಂದಿರುವುದು ಆ ಬಾಯಿಯ ವಿಚಾರ.

ಮೊದಲು ಲೆಕ್ಕ. ನೀರು 10 ಮೀಟರು, ಅಂದರೆ ಸುಮಾರು 33 ಅಡಿ ಎತ್ತರದಲ್ಲಿ ನಿಂತರೆ, ಬುಡದಲ್ಲಿ ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ. ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಕಿಲೋ ಬೆಲ್ಲ ಇಟ್ಟ ಹಾಗೆ. ತಾರಸಿಯ ಟ್ಯಾಂಕು ಬಚ್ಚಲಿನ ನಲ್ಲಿಗಿಂತ 10 ಅಡಿ ಮೇಲಿದ್ದರೆ ಸಿಗುವುದು ಬರೀ 300 ಗ್ರಾಂ. ಷವರಿನಲ್ಲಿ ನೀರು ತೊಟ್ಟಿಕ್ಕುವುದು ಅದಕ್ಕೇ. ಗುಡ್ಡೆಯ ಮೇಲೆ 100 ಅಡಿ ಎತ್ತರಕ್ಕೆ ಟ್ಯಾಂಕು ಕಟ್ಟಿದವರಿಗೆ ಪಂಪಿಲ್ಲದೆಯೇ ಮೂರು ಕಿಲೋ ಸಿಗ್ತದೆ. ಮನೆ ಬಳಕೆಗೆ ಎರಡು, ಎರಡೂವರೆ ಕಿಲೋ ಧಾರಾಳ ಸಾಕು.

ಮೂರು ಕಿಲೋ ಎಂದರೆ ಸಣ್ಣದು ಅಂತ ಅನ್ನಿಸಬಹುದು. ಎಂಟು ಇಂಚು ಅಗಲದ ಒಂದು ಮುಚ್ಚಳದ ಮೇಲೆ ಆ ಒತ್ತಡ ಬಿದ್ದರೆ ಒಟ್ಟು ಒಂಬತ್ತು ಕ್ವಿಂಟಾಲಿಗೂ ಹೆಚ್ಚು ಭಾರ. ಅಡಿಕೆ ಮೂಟೆ ಹೊತ್ತವರಿಗೆ ಅದು ಎಷ್ಟೆಂದು ನಾನು ಹೇಳಬೇಕಾಗಿಲ್ಲ. ತೋಟಕ್ಕೆ ಬೋರ್ಡೋ ಸಿಂಪಡಿಸುವಾಗ ಪೈಪಿನ ಜೋಡಣೆ ಹಾರಿದ್ದನ್ನು ಕಂಡವರಿಗೂ ಗೊತ್ತು.

ಪಂಪು ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಎಚ್.ಪಿ. ಎಂದು. ಕೇಳಬೇಕಾದದ್ದು ಹೆಡ್ ಎಷ್ಟು ಎಂದು. ಅದು ಪಂಪಿನ ತಗಡಿನ ಮೇಲೆಯೇ ಬರೆದಿರುತ್ತದೆ. ಗರಿಷ್ಠ ಹೆಡ್ 40 ಮೀಟರು ಇದ್ದರೆ, ನಲ್ಲಿಗಳೆಲ್ಲ ಮುಚ್ಚಿರುವಾಗ ಆ ಪಂಪು ಸುಮಾರು ನಾಲ್ಕು ಕಿಲೋವರೆಗೆ ಒತ್ತಬಲ್ಲದು. ಬಾವಿಯಲ್ಲಿ ನೀರು ಪಂಪಿಗಿಂತ ಎಷ್ಟು ಕೆಳಗಿದೆಯೋ ಅಷ್ಟನ್ನು ಅದರಲ್ಲಿ ಕಳೆಯಿರಿ. ಪೈಪಿನ ಮೈಮೇಲೂ ಅದು ಎಷ್ಟು ಕಿಲೋ ತಡೆಯುತ್ತದೆ ಎಂದು ಅಚ್ಚಾಗಿರುತ್ತದೆ: 4, 6, 10. ಕೆಲವದರಲ್ಲಿ ಮೆಗಾಪಾಸ್ಕಲ್ ಲೆಕ್ಕದಲ್ಲಿ 0.4, 0.6, 1.0 ಎಂದಿರುತ್ತದೆ, ಎರಡೂ ಹೆಚ್ಚುಕಡಿಮೆ ಒಂದೇ. ಪಿ.ವಿ.ಸಿ. ಪೈಪಿಗೆ ಆ ಅಂಕೆ 27 ಡಿಗ್ರಿ ಉಷ್ಣತೆಗೆ ಮಾತ್ರ. ಬಿಸಿಲಿಗೆ ಕಾದ ಪೈಪು ಅಷ್ಟು ತಡೆಯುವುದಿಲ್ಲ. ತೋಟದಲ್ಲಿ ಉಳಿದ ತೆಳು ಪೈಪನ್ನೇ ಮನೆಗೆ ಎಳೆಯುವ ಉಳಿತಾಯ ನನಗಂತೂ ಒಪ್ಪಿಗೆ ಇಲ್ಲ.

ಪ್ರೆಶರ್ ಪಂಪನ್ನು ಆನ್ ಆಫ್ ಮಾಡುವುದು ಪ್ರೆಶರ್ ಸ್ವಿಚ್ಚು. ಒಂದೂವರೆ ಕಿಲೋಗೆ ಇಳಿದಾಗ ಆನ್, ಎರಡೂವರೆಗೆ ಏರಿದಾಗ ಆಫ್, ಹೀಗೆ. ಹೋದ ಮಳೆಗಾಲದಲ್ಲಿ ಒಂದು ಮನೆಯಿಂದ ಕರೆ ಬಂತು: ಪಂಪು ನಿಲ್ಲುತ್ತಾ ಇಲ್ಲ, ಮುಟ್ಟಿದರೆ ಸುಡ್ತದೆ. ಮೈನ್ ಆಫ್ ಮಾಡಿ, ಯಾರೂ ಹತ್ತಿರ ಹೋಗಬೇಡಿ ಎಂದು ಹೇಳಿ ಹೊರಟೆ. ನೋಡಿದರೆ, ಸ್ವಿಚ್ಚಿಗೆ ಒತ್ತಡ ತಿಳಿಸುವ ಸಣ್ಣ ತೂತು ಕೆಸರು ಕಟ್ಟಿ ಮುಚ್ಚಿಹೋಗಿತ್ತು. ಪೈಪಿನಲ್ಲಿ ಎಷ್ಟು ಒತ್ತಡ ಇದ್ದರೂ ಸ್ವಿಚ್ಚಿಗೆ ಅದು ಗೊತ್ತೇ ಇಲ್ಲ. ನೀರಿಗೆ ಹೋಗಲು ದಾರಿ ಇಲ್ಲ, ಮೋಟಾರು ತಿರುಗುತ್ತಲೇ ಇದೆ. ಪಂಪಿನೊಳಗಿದ್ದ ಎರಡು ಮೂರು ಲೀಟರು ನೀರನ್ನು ಮೋಟಾರಿನ ಶಕ್ತಿಯೆಲ್ಲ ಸೇರಿ ಕಾಯಿಸುತ್ತಿತ್ತು. ಅಲ್ಲಿ ರಿಲೀಫ್ ವಾಲ್ವು ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಅದು ತೊಟ್ಟಿಕ್ಕುತ್ತದೆ, ಗೋಡೆ ಪಾಚಿಗಟ್ಟುತ್ತದೆ ಎಂದು ಯಾರೋ ಪ್ಲಗ್ಗು ಹಾಕಿ ಬಿಗಿದಿದ್ದರು!

ರಿಲೀಫ್ ವಾಲ್ವು ಎಂದರೆ ನಾನು ಮೊದಲು ಹೇಳಿದ ಬಾಯಿ. ಸ್ವಿಚ್ಚು ಕೆಟ್ಟು ಒತ್ತಡ ಮಿತಿ ಮೀರಿದರೆ ಅದು ತಾನೇ ತೆರೆದು ನೀರು ಬಿಡ್ತದೆ. ಪಂಪು ಆಫ್ ಆಗುವ ಒತ್ತಡಕ್ಕಿಂತ ಅದು ಸ್ವಲ್ಪ ಮೇಲೆ ತೆರೆಯಬೇಕು, ಆದರೆ ಪೈಪು, ಟ್ಯಾಂಕು ತಡೆಯುವ ಮಿತಿಗಿಂತ ಕೆಳಗೇ ಇರಬೇಕು. ಪಂಪು ಎತ್ತುವಷ್ಟು ನೀರನ್ನು ಹೊರಹಾಕುವ ಗಾತ್ರ ಬೇಕು. ಪಂಪಿಗೂ ಅದಕ್ಕೂ ನಡುವೆ ಯಾವ ಗೇಟ್‌ವಾಲ್ವೂ ಇರಕೂಡದು. ಅದರ ನೀರು ಕಣ್ಣಿಗೆ ಕಾಣುವ ಕಡೆ, ನೆಲದ ಹತ್ತಿರ ಬೀಳಲಿ. ತೊಟ್ಟಿಕ್ಕಿದರೆ ಬೈಯಬೇಡಿ, ಕಾರಣ ಹುಡುಕಿ.

ಗೀಸರಿನ ಮಾತಂತೂ ತಾಯಂದಿರು ಗಮನವಿಟ್ಟು ಕೇಳಬೇಕು. ನಮ್ಮ ಬಚ್ಚಲ ಹಂಡೆಗೆ ಬಾಯಿ ತೆರೆದೇ ಇತ್ತು, ಎಷ್ಟು ಕುದಿಸಿದರೂ ಹಬೆ ಹೋಗುತ್ತಿತ್ತು. ಗೀಸರು ಮುಚ್ಚಿದ ಹಂಡೆ. ನೀರು ಕಾದರೆ ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ 25 ಡಿಗ್ರಿಯ ನೀರು 60 ಡಿಗ್ರಿಗೆ ಬಂದಾಗ ಲೀಟರಿನ ಮೂರನೇ ಒಂದು ಪಾಲು ಹೆಚ್ಚಾಗ್ತದೆ. ಹಿಂದೆ ತಾರಸಿಯ ಟ್ಯಾಂಕಿನ ಕಡೆಗೆ ಅದು ಸರಿದುಹೋಗುತ್ತಿತ್ತು. ಗೀಸರಿನ ಬುಡದಲ್ಲಿ ಒಮ್ಮುಖ ವಾಲ್ವು ಇದ್ದರೆ ಹಿಂದಕ್ಕೆ ಹೋಗಲು ಬಿಡುವುದಿಲ್ಲ. ಆಗ ಸೇಫ್ಟಿ ವಾಲ್ವಿನಲ್ಲಿ ನಾಲ್ಕು ಹನಿ ಬೀಳುತ್ತದೆ. ಬೀಳಲೇಬೇಕು. ಅದಕ್ಕೆ ಬಟ್ಟೆ ಸುತ್ತುವುದು, ಎಂಸೀಲು ಮೆತ್ತುವುದು, ಪ್ಲಗ್ಗು ಬಿಗಿಯುವುದು ಮಾಡಿದಿರೋ, ಥರ್ಮೋಸ್ಟಾಟು ಕೆಟ್ಟ ದಿನ ಒಳಗಿನ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಹಂಡೆ ಬಿರುಕುಬಿಟ್ಟ ಕ್ಷಣ ಅದು ಒಮ್ಮೆಲೇ ಹಬೆಯಾಗುತ್ತದೆ. ನೀರು ಹಬೆಯಾದರೆ 1,600 ಪಟ್ಟು ಜಾಗ ಬೇಕು. ಗೋಡೆಯ ಆಚೆ ಮಗು ಮಲಗಿರಬಹುದು. ಪ್ರೆಶರ್ ಪಂಪು ಹಾಕಿಸುವ ಮೊದಲು ನಿಮ್ಮ ಗೀಸರಿನ ತಗಡು ಓದಿಸಿ. ಅದು ಎಷ್ಟು ಕಿಲೋಗೆ ಎಂದು ಅಲ್ಲಿ ಬರೆದಿರುತ್ತದೆ. ಪಂಪಿನ ಗರಿಷ್ಠ ಒತ್ತಡ ಅದರೊಳಗೇ ಇರಬೇಕು.

ಪಂಪು ಕ್ಷಣಕ್ಕೊಮ್ಮೆ ಆನ್ ಆಫ್ ಆಗುತ್ತಿದ್ದರೆ ಪ್ರೆಶರ್ ಟ್ಯಾಂಕಿನ ಗಾಳಿ ಹೋಗಿದೆ ಎಂದೇ ಹೆಚ್ಚಾಗಿ ಅರ್ಥ. ಆ ಟ್ಯಾಂಕಿನ ಗಾಳಿ ಮೂತಿ ಸ್ಕೂಟರ್ ಟ್ಯೂಬಿನದ್ದೇ. ಪಂಪಿನ ಮೈನ್ ಆಫ್ ಮಾಡಿ, ನಲ್ಲಿ ತೆರೆದು ನೀರೆಲ್ಲ ಇಳಿಸಿ, ಆಮೇಲೆಯೇ ಗಾಳಿ ನೋಡಬೇಕು. ನೀರು ಇರುವಾಗ ನೋಡಿದರೆ ಸುಳ್ಳು ಲೆಕ್ಕ ತೋರಿಸುತ್ತದೆ. ಆನ್ ಆಗುವ ಒತ್ತಡಕ್ಕಿಂತ 200 ಗ್ರಾಂ ಕಡಿಮೆ ಇರಲಿ. ಒಂದೂವರೆ ಕಿಲೋಗೆ ಆನ್ ಆದರೆ ಗಾಳಿ 1.3 ಕಿಲೋ, ಟೈರ್ ಅಂಗಡಿಯ ಭಾಷೆಯಲ್ಲಿ 18 ಪೌಂಡು. ಮೂತಿ ಒತ್ತಿದಾಗ ಗಾಳಿಯ ಬದಲು ನೀರು ಚಿಮ್ಮಿದರೆ ಒಳಗಿನ ರಬ್ಬರ್ ಚೀಲ ಹರಿದಿದೆ. ಗಾಳಿ ತುಂಬಿ ಪ್ರಯೋಜನವಿಲ್ಲ.

ನಲ್ಲಿ ಫಕ್ಕನೆ ಮುಚ್ಚಿದಾಗ ಗೋಡೆಯೊಳಗೆ ಢಕ್ ಎಂದು ಸದ್ದಾಗುವುದು ದೆವ್ವವಲ್ಲ. ಓಡುತ್ತಿದ್ದ ನೀರು ಒಮ್ಮೆಲೇ ನಿಂತ ಹೊಡೆತ. ಸೆಕೆಂಡಿಗೆ ಒಂದು ಮೀಟರು ವೇಗದ ನೀರು ಹಾಗೆ ನಿಂತರೆ ಕಬ್ಬಿಣದ ಪೈಪಿನಲ್ಲಿ 10 ಕಿಲೋ ಮೀರಿದ ಒತ್ತಡ ಒಂದು ಕ್ಷಣ ಏಳಬಹುದು. ತೋಟದ ಗೇಟ್‌ವಾಲ್ವನ್ನು ನಿಧಾನ ತಿರುಗಿಸಿ ಎಂದು ಕೆಲಸದವರಿಗೂ ಹೇಳಿ.

ಪ್ರೆಶರ್ ಸ್ವಿಚ್ಚಿನ ಮುಚ್ಚಳ ತೆಗೆಯುವ ಮೊದಲು ಮೈನ್ ಆಫ್ ಮಾಡಿ. ಒಳಗೆ ಇರುವೆ ಗೂಡು ಕಟ್ಟಿ ಪಂಪು ಸ್ಟಾರ್ಟ್ ಆಗದಿರುವುದು ನಮ್ಮ ಕಡೆ ಮಾಮೂಲು. ಅದನ್ನು ಒದ್ದೆ ಕೈಯಲ್ಲಿ ಊದಲು ಹೋಗಬೇಡಿ. ಅರ್ತಿಂಗ್ ಇದೆಯೇ, ಶಾಕ್ ತಡೆಯುವ 30 ಮಿಲಿಆಂಪಿಯರಿನ ಬ್ರೇಕರ್ ಇದೆಯೇ ಎಂದು ವಯರಿಂಗಿನವರನ್ನು ಕೇಳಿ.

ಕೊನೆಯಲ್ಲಿ ಆಡಳಿತ ಮಂಡಳಿಯಲ್ಲಿ ಒಂದು ಅರಿಕೆ. ಸಂಘದ ಅಂಗಡಿಯಲ್ಲಿ ನಲ್ಲಿಗೆ ತಿರುಪಿ ಹಾಕುವಂಥ ಒಂದು ಪ್ರೆಶರ್ ಗೇಜು ಇಟ್ಟು, ಸದಸ್ಯರು ರಿಜಿಸ್ಟರಿಗೆ ಸಹಿ ಮಾಡಿ ಎರಡು ದಿನಕ್ಕೆ ಕೊಂಡುಹೋಗುವಂತೆ ಮಾಡಬೇಕು. ಪಂಪಿಗೆ ಸಾಲ ಕೊಡುವ ಸಂಘಕ್ಕೆ ಅದು ದೊಡ್ಡ ಖರ್ಚೇನಲ್ಲ. ನನ್ನ ಗೇಜನ್ನು ಇವತ್ತು ತಂದಿದ್ದೇನೆ, ಹೊರಗೆ ಜಗಲಿಯ ನಲ್ಲಿಗೆ ಹಾಕಿ ಇಟ್ಟಿದೆ. ಊಟಕ್ಕೆ ಏಳುವಾಗ ಒಮ್ಮೆ ನೋಡಿ ಹೋಗಿ. ನಿಮ್ಮ ಮನೆಯ ಗೀಸರಿನ ಪ್ಲಗ್ಗಿನ ವಿಚಾರ ಯಾರಿಗಾದರೂ ಹೇಳಬೇಕೆಂದಿದ್ದರೆ, ಅಲ್ಲೇ ಪಕ್ಕದಲ್ಲಿ ಇರುತ್ತೇನೆ.