ಮೂರನೆಯ ಅನುಸೂಚಿಯ ಕನ್ನಡ



ನಮಗೆ ಪೌರನೀತಿಯನ್ನು ಬೋಧಿಸಿದ ಗುರುಗಳು ಸಂವಿಧಾನದ ಪಾಠವನ್ನು ಎಂದೂ ಜನವರಿ 26ರಿಂದ ಆರಂಭಿಸಿದವರಲ್ಲ. ಪೌರತ್ವವನ್ನು ಕುರಿತ 5ರಿಂದ 9ರವರೆಗಿನ ವಿಧಿಗಳು ಎರಡು ತಿಂಗಳು ಮೊದಲೇ, 1949ರ ನವೆಂಬರ್ 26ರಂದೇ ಜಾರಿಗೆ ಬಂದುವೆಂದೂ, ಗಣರಾಜ್ಯಕ್ಕಿಂತ ಮುಂಚೆ ಅದರ ಪೌರನು ಜನಿಸಿದನೆಂದೂ ಹೇಳುವಾಗ ಅವರ ಕಂಠ ಗದ್ಗದವಾಗುತ್ತಿತ್ತು. 1948ರವರೆಗೆ ಸವಣೂರು ನವಾಬರ ಪ್ರಜೆಗಳಾಗಿದ್ದ ನಮ್ಮ ನೆರೆಹೊರೆಯವರು ಒಂದು ಅರ್ಜಿಯನ್ನೂ ಬರೆಯದೆ ಭಾರತದ ಪೌರರಾದುದು ಆ ವಿಧಿಗಳ ಔದಾರ್ಯದಿಂದಲೇ ಎಂಬುದನ್ನು ಅವರು ಪುನಃ ಪುನಃ ಹೇಳುತ್ತಿದ್ದರು. ಆ ಪಾಠದ ಋಣವೇ ನನ್ನನ್ನು ಇಂದಿನ ವಿಷಯಕ್ಕೆ ಕರೆತಂದಿದೆ.

ಪರದೇಶದಿಂದ ಬಂದವನು ಅರ್ಜಿ ಸಲ್ಲಿಸಿ ಪೌರನಾಗುವ ಕ್ರಮವನ್ನು 1955ರ ಪೌರತ್ವ ಅಧಿನಿಯಮವು ವಿಧಿಸುತ್ತದೆ. ಅದರ ಮೂರನೆಯ ಅನುಸೂಚಿಯಲ್ಲಿ ದೀರ್ಘಕಾಲದ ವಾಸ, ಸದ್ವರ್ತನೆ ಮೊದಲಾದ ಅರ್ಹತೆಗಳ ನಡುವೆ ನಾವು ಅಷ್ಟಾಗಿ ಗಮನಿಸದ ಒಂದು ಮಾತಿದೆ: ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಹೇಳಿದ ಭಾಷೆಗಳಲ್ಲೊಂದರ ಸಾಕಷ್ಟು ಪರಿಜ್ಞಾನ ಅರ್ಜಿದಾರನಿಗೆ ಇರತಕ್ಕದ್ದು. ಹಿಂದಿಯೇ ಆಗಬೇಕೆಂದಿಲ್ಲ, ಕನ್ನಡವೊಂದೇ ಸಾಕು. ಕನಕದಾಸರ ಬಾಡವನ್ನೂ ಸರ್ವಜ್ಞನ ಸೀಮೆಯನ್ನೂ ನೆರೆಯಲ್ಲಿಟ್ಟುಕೊಂಡಿರುವ ನಾವು, ನಮ್ಮ ಮಾತು ರಾಷ್ಟ್ರದ ಹೆಬ್ಬಾಗಿಲನ್ನು ತೆರೆಯಬಲ್ಲದೆಂಬುದನ್ನು ಈವರೆಗೆ ಎಷ್ಟು ಮಂದಿಗೆ ಹೇಳಿದ್ದೇವೆ?

ಹಾಗೆ ಹೇಳಬೇಕಾದ ನೆರೆಯವರು ದೂರದಲ್ಲಿಲ್ಲ: ಬಂಕಾಪುರವನ್ನು ದಾಟಿ ಪಶ್ಚಿಮಕ್ಕೆ ಹೋದರೆ ಮುಂಡಗೋಡ. 1959ರಲ್ಲಿ ದಲೈ ಲಾಮಾರ ಹಿಂದೆ ದೇಶತ್ಯಾಗ ಮಾಡಿ ಬಂದ ಟಿಬೆಟನ್ನರಿಗೆ ಅಲ್ಲಿ 1966ರಲ್ಲಿ ನೆಲೆಯಾಯಿತು. ಕಾಡಂಚಿನ ನೆಲ ಹೊಲವಾಯಿತು, ಡ್ರೆಪುಂಗ್ ಮತ್ತು ಗಾಂಡೆನ್ ವಿಹಾರಗಳು ಅಲ್ಲಿ ಮತ್ತೆ ತಲೆಯೆತ್ತಿದುವು. ಇತಿಹಾಸವನ್ನು ಇಷ್ಟಕ್ಕೆ ನಿಲ್ಲಿಸುತ್ತೇನೆ. ನನ್ನ ತಕರಾರು ಇರುವುದು ಪಂಚಾಂಗದೊಡನೆ.

1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವನು ಜನ್ಮತಃ ಪೌರನು. ತಾಯ್ತಂದೆಯರಿಬ್ಬರೂ ಟಿಬೆಟ್ಟಿನಲ್ಲಿ ಹುಟ್ಟಿದ, ಮುಂಡಗೋಡದ ನಿರಾಶ್ರಿತರ ಕ್ಯಾಂಪಿನ ಒಂದು ಮನೆಯನ್ನು ಭಾವಿಸಿರಿ: 1987ರ ಜೂನ್‌ನಲ್ಲಿ ಹುಟ್ಟಿದ ಅಣ್ಣ ಪೌರನು, ಮರುವರ್ಷ ಅದೇ ಕ್ಯಾಂಪಿನಲ್ಲಿ ಹುಟ್ಟಿ, ಅದೇ ಸಂತೆಯಲ್ಲಿ ಅದೇ ಕನ್ನಡವನ್ನು ಕಲಿತ ತಮ್ಮನು ವಿದೇಶೀಯನೆಂಬ ನೋಂದಣಿ ಪತ್ರವನ್ನು ನವೀಕರಿಸಿಕೊಳ್ಳುತ್ತಲೇ ಇರತಕ್ಕವನು. ಅಣ್ಣನ ಹಕ್ಕಾದರೂ ನಿರಾಯಾಸವಾಗಿ ಬಂದುದಲ್ಲ. ದೆಹಲಿಯ ಉಚ್ಚ ನ್ಯಾಯಾಲಯವು 2010ರಲ್ಲಿ ನಾಮ್‌ಗ್ಯಾಲ್ ಡೋಲ್ಕರ್ ಅವರ ಪ್ರಕರಣದಲ್ಲಿಯೂ, ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವು 2013ರಲ್ಲಿ ಲಿಂಗ್ ರಿನ್‌ಪೋಚೆಯವರ ಪ್ರಕರಣದಲ್ಲಿಯೂ ಅದನ್ನು ಎತ್ತಿಹಿಡಿಯಬೇಕಾಯಿತು. ಆ ಬಳಿಕವೂ, ಪಾಸ್‌ಪೋರ್ಟ್ ಬೇಡುವವರು ನೋಂದಣಿ ಪತ್ರವನ್ನು ಹಿಂದಿರುಗಿಸಿ ಕ್ಯಾಂಪಿನ ವಾಸವನ್ನೇ ತ್ಯಜಿಸಬೇಕೆಂಬ ನಿಬಂಧನೆಯನ್ನು ಸರ್ಕಾರ 2017ರಲ್ಲಿ ಮುಂದಿಟ್ಟಿತು. ದೇಶವನ್ನು ಪಡೆಯಲು ಊರನ್ನು ಬಿಡಬೇಕೆನ್ನುವುದು ಯಾವ ನ್ಯಾಯ?

ಆದುದರಿಂದ ನನ್ನ ಪ್ರತಿಪಾದನೆಯಿಷ್ಟು: ಹುಟ್ಟಿದ ತಿಂಗಳಿಗಿಂತ ಬಾಳಿದ ನೆಲ ದೊಡ್ಡದು, ಆಡಿದ ನುಡಿ ದೊಡ್ಡದು, ಮೂರನೆಯ ಅನುಸೂಚಿಯ ಆ ಮಾತು ಪೌರತ್ವದ ವಿಚಾರಣೆಯಲ್ಲಿ ಅಗ್ರಸ್ಥಾನಕ್ಕೆ ಬರಬೇಕು.

ಇಷ್ಟನ್ನು ದೃಢವಾಗಿ ಹೇಳಿದ ಮೇಲೆಯೂ ಕೆಲವು ಪ್ರಶ್ನೆಗಳು ನನ್ನಲ್ಲಿ ಉಳಿದಿವೆ. ಅವುಗಳನ್ನು ಸಭೆಯ ಮುಂದಿಡುತ್ತೇನೆ. ತನ್ನ ನಾಡಿಗೆ ಮರಳುವ ಆಸೆಯಿಂದ ಬೇಕೆಂದೇ ನಿರಾಶ್ರಿತನಾಗಿ ಉಳಿದ ವೃದ್ಧ ಭಿಕ್ಷುವಿನ ಕೈಯಲ್ಲಿ ಅರ್ಜಿಯ ನಮೂನೆಯನ್ನಿಡುವುದು ಪ್ರೀತಿಯೇ, ಬಲಾತ್ಕಾರವೇ? ನುಡಿಯನ್ನು ಅರ್ಹತೆಯೆಂದು ಹಿಡಿದರೆ, ಅದನ್ನು ಕಲಿಯುವ ಅವಕಾಶವೇ ದೊರೆಯದ ಬಡ ವಲಸೆಗಾರನು ಹೊರಗೆ ನಿಲ್ಲಬೇಕೆ? ಮುಂಡಗೋಡದ ಟಿಬೆಟನ್ನರು ನಮ್ಮ ಮಾತನ್ನು ಕಲಿಯಲೆಂದು ಬಯಸುವ ನಾವು, ಇಷ್ಟು ವರ್ಷಗಳ ನೆರೆತನದಲ್ಲಿ ಅವರದನ್ನು ಎಷ್ಟು ಕಲಿತಿದ್ದೇವೆ?