ದೇವಕರೆಯ ಪರೀಕ್ಷೆ

1521ನೆಯ ಇಸವಿಯಲ್ಲಿ ಪಾಂಪ್ಲೋನಾ ಕೋಟೆಯ ರಕ್ಷಣೆಯಲ್ಲಿ ಫಿರಂಗಿಯ ಗುಂಡು ತಗುಲಿ ಕಾಲು ಮುರಿದು, ಲೊಯೊಲಾದ ತನ್ನ ಮನೆತನದ ಮಹಲಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಇಗ್ನೇಷಿಯಸನು ಹೊತ್ತು ಕಳೆಯಲೆಂದು ಬೇಡಿದ್ದು ವೀರರ ಸಾಹಸಕಥೆಗಳನ್ನು; ಮನೆಯಲ್ಲಿ ದೊರೆತುದಾದರೋ ಕ್ರಿಸ್ತನ ಚರಿತ್ರೆ ಹಾಗೂ ಸಂತರ ಜೀವನಗಳ ಗ್ರಂಥಗಳು ಮಾತ್ರ. ಓದಿನ ನಡುವೆ ಅವನ ಮನಸ್ಸು ಒಮ್ಮೆ ಕುಲೀನ ಸ್ತ್ರೀಯೊಬ್ಬಳ ಪ್ರೀತ್ಯರ್ಥವಾಗಿ ಎಸಗಬೇಕಾದ ಪರಾಕ್ರಮಗಳ ಕಡೆಗೆ ಹರಿಯುತ್ತಿತ್ತು, ಒಮ್ಮೆ ಸಂತರಂತೆ ಬರಿಗಾಲಿನಲ್ಲಿ ಜೆರುಸಲೇಮಿಗೆ ನಡೆದುಹೋಗುವ ಕಡೆಗೆ. ಎರಡು ಯೋಚನೆಗಳೂ ಸುಖವನ್ನೇ ಕೊಡುತ್ತಿದ್ದುವು. ಆದರೆ ಮೊದಲನೆಯದು ಮುಗಿದ ಮೇಲೆ ಚಿತ್ತವು ಶುಷ್ಕವೂ ಅತೃಪ್ತವೂ ಆಗುತ್ತಿತ್ತು, ಎರಡನೆಯದು ಕಳೆದ ಮೇಲೂ ಪ್ರಸನ್ನತೆ ಉಳಿಯುತ್ತಿತ್ತು. ಈ ತಾರತಮ್ಯವನ್ನು ಗಮನಿಸಿದ್ದೇ, ನನ್ನ ಎಣಿಕೆಯಲ್ಲಿ, ಅವನ ಪಾಲಿನ ದೇವಕರೆ. ಕರೆಯೆಂದರೆ ಆಕಾಶದಿಂದ ಕೇಳಿಬರುವ ಧ್ವನಿಯೆಂದು ಭಾವಿಸುವವರಿಗೆ ಇದು ತೀರ ಅಲ್ಪವಾಗಿ ತೋರಬಹುದು.

ಆಮೇಲಿನದು ಅವಸರವಿಲ್ಲದ ದಾರಿ: ಮಾನ್ರೇಸಾದಲ್ಲಿ ತಪಸ್ಸು, ಜೆರುಸಲೇಮಿನ ಯಾತ್ರೆ, ಮೂವತ್ತು ದಾಟಿದ ಪ್ರಾಯದಲ್ಲಿ ಬಾರ್ಸಿಲೋನಾದ ಹುಡುಗರ ಪಕ್ಕದಲ್ಲಿ ಕುಳಿತು ಲ್ಯಾಟಿನ್ ವ್ಯಾಕರಣ (ಇದೇ ಕಠಿನತಮ ವ್ರತವಾಗಿತ್ತೇನೋ!), ಪ್ಯಾರಿಸಿನ ವ್ಯಾಸಂಗ. ಅವನು ಕಟ್ಟಿದ ಸನ್ಯಾಸಿಸಂಘವಾದ ಯೇಸುಸಭೆಗೆ ಪೋಪ್ ಮೂರನೆಯ ಪೌಲರ ಸಮ್ಮತಿ ದೊರೆತುದು 1540ರಲ್ಲಿ.

ಸನ್ಯಾಸಕ್ಕೆ ಮನಸ್ಸು ಮಾಡಿರುವ ಮಗನನ್ನೋ ಮಗಳನ್ನೋ ಕಂಡು ಕಳವಳಪಡುವ ತಾಯ್ತಂದೆಗಳೂ, ಅವರನ್ನು ಸೇರಿಸಿಕೊಳ್ಳಲು ಆತುರಪಡುವ ಗುರುಗಳೂ ಈ ಅವಸರವಿಲ್ಲದ ದಾರಿಯನ್ನು ನೆನೆಯಬೇಕು. ಆ ಸಭೆಯಲ್ಲಿ ನವಶಿಷ್ಯರ ಪರೀಕ್ಷಾಕಾಲ ಇಂದಿಗೂ ಎರಡು ವರ್ಷ. ಸಭೆಯು ಶಿಷ್ಯನನ್ನು ಪರೀಕ್ಷಿಸುವಂತೆ ಶಿಷ್ಯನೂ ಸಭೆಯನ್ನು ಪರೀಕ್ಷಿಸುವ ಆ ಅವಧಿಯಲ್ಲಿ ಮನೆಗೆ ಹಿಂದಿರುಗಿ ಬಂದವನನ್ನು ಸೋತವನೆಂದು ಕರೆಯುವುದು ಅನ್ಯಾಯ.