ಬರಗೂರಮ್ಮನ ಹೆಸರೇನು?

(ಈ ಬಾರಿ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಆಡಿದ ಮಾತು. ಕೇಳಿದವರಲ್ಲಿ ಕೆಲವರು ಬರೆದು ಕಳಿಸಿ ಎಂದಿದ್ದರಿಂದ ಅಲ್ಲಲ್ಲಿ ತಿದ್ದಿ ಕಳಿಸುತ್ತಿದ್ದೇನೆ.)



ರಾಜ್ಯೋತ್ಸವದ ವೇದಿಕೆ ಹತ್ತಿದ ಕೂಡಲೇ ಕದಂಬರು, ಪುಲಿಕೇಶಿ, ಕೃಷ್ಣದೇವರಾಯ ಎಂದು ಶುರು ಮಾಡುವುದು ನಮ್ಮಲ್ಲಿ ವಾಡಿಕೆ. ನಾನೂ ಹಿಂದೆ ಎರಡು ಸಲ ಹಾಗೇ ಮಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಇವತ್ತು ಒಬ್ಬ ಹೆಂಗಸಿನ ಬಗ್ಗೆ ಮಾತಾಡುತ್ತೇನೆ. ತುಮಕೂರು ಜಿಲ್ಲೆ ಸಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರಾಗಿ, ಕಡಲೆಕಾಯಿ ಬೆಳೆದುಕೊಂಡು ಮಕ್ಕಳನ್ನು ಸಾಕಿದವಳು. ನನ್ನ ಅಪ್ಪನ ಅಜ್ಜಿ. ಊರಿನವರೆಲ್ಲ ಆಕೆಯನ್ನು ಕರೆಯುತ್ತಿದ್ದದ್ದು 'ಬರಗೂರಮ್ಮ' ಎಂದು. ಬರಗೂರು ಆಕೆಯ ತವರೂರು. ಹೆಸರು ಬೇರೆ.

ಇದೆಲ್ಲ ಶುರುವಾದದ್ದು ನನ್ನ ಮಗಳ ಹೋಮ್‌ವರ್ಕಿನಿಂದ. ಇಲ್ಲಿ ಮೂರನೇ ಗ್ರೇಡಿನಲ್ಲಿದ್ದಾಗ ಅವಳ ಟೀಚರು ಒಂದು ಹಾಳೆ ಕೊಟ್ಟಿದ್ದರು. ಮೇಲಿನಿಂದ ಕೆಳಕ್ಕೆ ಐದು ಸಾಲು, ಒಟ್ಟು 31 ಚೌಕ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಒಂದು ಬೈನರಿ ಟ್ರೀ. ಇಲ್ಲಿರುವ ಮುಕ್ಕಾಲು ಪಾಲು ಜನ ಇಂಟರ್‌ವ್ಯೂಗಳಲ್ಲಿ ಅದನ್ನು ಬೋರ್ಡಿನ ಮೇಲೆ ಬರೆದು ಕೆಲಸ ಗಿಟ್ಟಿಸಿದವರೇ. ನನ್ನ ಕಡೆಯ 15 ಚೌಕಗಳಲ್ಲಿ ಒಂಬತ್ತು ತುಂಬಿದವು. ಖಾಲಿ ಉಳಿದ ಆರರಲ್ಲಿ ನಾಲ್ಕು ಹೆಂಗಸರದ್ದು. ನನ್ನ ನಾಲ್ಕು ಮುತ್ತಜ್ಜಿಯರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ.

ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು ಐರಿಶ್ ಮೂಲದವನು. 1922ರಲ್ಲಿ ಡಬ್ಲಿನ್ನಿನ ದಾಖಲೆಗಳ ಕಚೇರಿಗೆ ಬೆಂಕಿ ಬಿದ್ದು ಅವರ ಎಷ್ಟೋ ಹಳೆಯ ಜನಗಣತಿಗಳು ಸುಟ್ಟುಹೋದವು. ಆದರೂ 1901 ಮತ್ತು 1911ರ ಗಣತಿ ಉಳಿದಿದೆ, ಅದರಲ್ಲಿ ತನ್ನ ಮುತ್ತಜ್ಜಿಯ ಹೆಸರು, ವಯಸ್ಸು, ಓದು ಬರುತ್ತಿತ್ತೋ ಇಲ್ಲವೋ ಎಲ್ಲ ಇದೆ ಎಂದು ಇಂಟರ್‌ನೆಟ್ಟಿನಲ್ಲಿ ತೆಗೆದು ತೋರಿಸಿದ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಗಣತಿಯ ಹಾಳೆಗಳನ್ನು ಜನರಿಗೆ ಬಿಡುತ್ತಾರೆ, 1950ರದ್ದು 2022ರಲ್ಲಿ ಹೊರಬಂತು. ನಮ್ಮಲ್ಲಿ ಆ ದಾರಿ ಇಲ್ಲ. 1948ರ ಜನಗಣತಿ ಕಾಯಿದೆಯ ಪ್ರಕಾರ ಮನೆಮನೆಯ ವಿವರ ಯಾರಿಗೂ ತೋರಿಸುವಂಥದ್ದಲ್ಲ. ಎಷ್ಟು ತಲೆ ಎನ್ನುವ ಲೆಕ್ಕ ಮಾತ್ರ ಹೊರಗೆ.

ಸರಿ, ಅಪ್ಪನಿಗೆ ಫೋನ್ ಮಾಡಿದೆ. "ವಂಶವೃಕ್ಷ ತಾನೇ? ಪೆಟ್ಟಿಗೆಯಲ್ಲಿ ಇದೆಯಲ್ಲೋ" ಅಂದರು. ಮಾರನೇ ದಿನ ವಾಟ್ಸ್ಯಾಪಿನಲ್ಲಿ ಫೋಟೋ ಬಂತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರಲ್ಲಿ ತಾತನಿಂದ ಹಿಂದಕ್ಕೆ ಏನೂ ಇರಲಿಲ್ಲ. "ನಿಮ್ಮ ಅಜ್ಜಿ ಹೆಸರೇನಪ್ಪ?" ಎಂದು ಕೇಳಿದೆ. "ಬರಗೂರಮ್ಮ ಅಂತಿದ್ರು. ನಾನು ಹುಟ್ಟೋಕೆ ಮುಂಚೆನೇ ಹೋಗಿಬಿಟ್ಟಿದ್ಲು. ಈಗ ಅದೆಲ್ಲ ಯಾಕೆ?"

ಹಳ್ಳಿಯ ಸಾಮಾನ್ಯರ ಹೆಸರು ನಮ್ಮ ನಾಡಿನಲ್ಲಿ ಉಳಿದೇ ಇಲ್ಲ ಎನ್ನುವುದು ತಪ್ಪು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಎಂಟನೇ ಶತಮಾನದ ವೀರಗಲ್ಲಿನಲ್ಲಿ ಕಿತ್ತಯ್ಯ ಎಂಬವನ ಹೆಸರಿದೆ, ಅವನು ಯಾವ ರಾಜನೂ ಅಲ್ಲ. ಲೂಯಿಸ್ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೇ ಸಂಪುಟ, ಅಂದರೆ ನಮ್ಮ ತುಮಕೂರು ಜಿಲ್ಲೆಯದ್ದು, 1904ರಲ್ಲಿ ಬಂತು. ಇಂಥ ಸಂಪುಟಗಳನ್ನು ತಿರುವಿದರೆ ತುರುಗಳನ್ನು ಬಿಡಿಸಲು ಹೋಗಿ ಸತ್ತ ಊರಿನ ಗಂಡಸರು ಸಿಗುತ್ತಾರೆ. ಆದರೆ ಕಲ್ಲಿನಲ್ಲಿ ಹೆಸರು ಬರಬೇಕಾದರೆ ಗಂಡಸು ಕಾದಿ ಸಾಯಬೇಕಿತ್ತು, ಹೆಂಗಸು ಮಾಸ್ತಿಯಾಗಬೇಕಿತ್ತು. ಸುಮ್ಮನೆ ಬದುಕಿದವರಿಗೆ ಕಲ್ಲಿಲ್ಲ.

ಸುಮ್ಮನೆ ಬದುಕಿದವರ ಲೆಕ್ಕ ಇಟ್ಟವರು ಹೆಳವರು. ಉತ್ತರ ಕರ್ನಾಟಕದ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೆ ಎತ್ತಿನ ಮೇಲೆ, ಕಾಲಿಗೆ ಕಂಬಳಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತಾ ಬರುತ್ತಿದ್ದರಂತೆ. ತಮಗೆ ಸೇರಿದ ಮನೆಗಳ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಧಾನ್ಯವನ್ನೋ ದುಡ್ಡನ್ನೋ ಪಡೆದು ಮುಂದೆ ಹೋಗುತ್ತಿದ್ದರು. ನಮ್ಮ ಮನೆಗೆ ಬರುವವರು ಈಗ ಬರುವುದು ಬೈಕಿನಲ್ಲಿ. ಸುಗ್ಗಿ ಮುಗಿದ ಮೇಲೆ ಅವರು ಬಂದ ದಿನ ಚಿಕ್ಕಪ್ಪ ನನಗೆ ವೀಡಿಯೋ ಕಾಲ್ ಮಾಡಿದರು. ಇಲ್ಲಿ ರಾತ್ರಿ ಹನ್ನೊಂದೂವರೆ. ಹಿರಿಯರೊಬ್ಬರು ಪುಸ್ತಕ ಬಿಚ್ಚದೆಯೇ ಏಳು ತಲೆ ಹೇಳಿದರು. ನನ್ನಿಂದ ಮೇಲಕ್ಕೆ ಐದನೆಯವನು 'ಧಾತು ಈಶ್ವರ'ದಲ್ಲಿ ಮಡಕಶಿರಾ ಕಡೆಯಿಂದ ಮೂರು ಎತ್ತು ಹೊಡೆದುಕೊಂಡು ಬಂದ, ಎರಡು ದಾರಿಯಲ್ಲೇ ಸತ್ತವು ಎಂದರು.

ಧಾತು, ಈಶ್ವರ ಎರಡೂ ಸಂವತ್ಸರಗಳ ಹೆಸರು. 1876ರಿಂದ 78ರವರೆಗಿನ ದೊಡ್ಡ ಬರ ನಮ್ಮ ಹಿರಿಯರ ಬಾಯಲ್ಲಿ ಈ ಹೆಸರಿನಿಂದಲೇ ಉಳಿದಿದೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ನಾನು ಆ ಬರದ ಬಗ್ಗೆ ಶಾಲೆಯಲ್ಲಿ ಓದಿದ ನೆನಪೇ ಇಲ್ಲ. ಐರ್ಲೆಂಡಿನ ಆಲೂಗಡ್ಡೆ ಬರದ ಬಗ್ಗೆ ಮಾತ್ರ ಚೆನ್ನಾಗಿ ಗೊತ್ತಿತ್ತು! ಆ ರಾತ್ರಿ ಮೊದಲ ಸಲ, ಇದು ನಮ್ಮ ಮನೆಯ ವಿಷಯ ಅನ್ನಿಸಿತು.

ಆದರೆ ಹೆಳವರು ಹೇಳಿದ ಏಳು ತಲೆಯಲ್ಲಿ ಒಂದೂ ಹೆಣ್ಣು ಹೆಸರಿರಲಿಲ್ಲ. ಬರಗೂರಮ್ಮ ಅಲ್ಲಿಯೂ ಸಿಗಲಿಲ್ಲ.

ಇನ್ನು ಉಳಿದದ್ದು ಕಂದಾಯದ ಕಾಗದ. ನಮ್ಮ ಇಂಜಿನಿಯರ್ ಬುದ್ಧಿಗೆ ಮೊದಲು ಹೊಳೆಯುವುದು ವೆಬ್‌ಸೈಟು. 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ದೊಡ್ಡ ಕೆಲಸವೇ. ಆದರೆ ಅದು ನಡೆದದ್ದು 2000ದ ಆಸುಪಾಸಿನಲ್ಲಿ. ಅದರ ಹಿಂದಿನದ್ದೆಲ್ಲ ಕೈಬರಹ, ಅದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ. ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ ರಿಜಿಸ್ಟರು, ಕ್ರಯಪತ್ರಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿ, ಗೇಣಿ ಮಾಡುತ್ತಿದ್ದ ಮನೆತನವಾದರೆ 1974ರ ಭೂಸುಧಾರಣೆಯ ನಂತರ ಹಾಕಿದ ಏಳನೇ ನಮೂನೆಯ ಅರ್ಜಿ. ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕವನ್ನೂ ಮರೆಯಬೇಡಿ. ಅಲ್ಲಿ ಹುಟ್ಟಿದ ದಿನವನ್ನು ಮಾತ್ರ ನಂಬಬೇಡಿ, ಅರ್ಧ ಊರು ಜೂನ್ 1ಕ್ಕೇ ಹುಟ್ಟಿರುತ್ತದೆ. ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಕೆಲಸ 2024ರಲ್ಲಿ ಶುರುವಾಯಿತು. ನಾನು ಅಷ್ಟು ಕಾಯಲಿಲ್ಲ. ಚಿಕ್ಕಪ್ಪ ನಾಲ್ಕು ಸಲ ಸಿರಾಕ್ಕೆ ಓಡಾಡಿ ನಕಲು ತೆಗೆಸಿದರು. ಅವರ ಬಸ್ ಚಾರ್ಜು, ಕಾಫಿ ಎಲ್ಲ ಸೇರಿ ಖರ್ಚಾದದ್ದು ಇಲ್ಲಿಯ ಒಂದು ಪಿಜ್ಜಾದ ದುಡ್ಡು.

ನಕಲು ಬಂದ ಮೇಲೆ ಇನ್ನೊಂದು ಅವಮಾನ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿದವನು ನಾನು, ಕನ್ನಡದಲ್ಲಿ 117 ಅಂಕ ತೆಗೆದವನು, ನನಗೆ ಅದನ್ನು ಓದಲಾಗಲಿಲ್ಲ. ಶಾನುಭೋಗರ ಕೈ ಅಂದರೆ ಅಕ್ಷರಕ್ಕೆ ಅಕ್ಷರ ತಗುಲಿಕೊಂಡು ಓಡುವ ಕೈ. ಎಲ್ಲ ಕನ್ನಡ ಅಂಕಿ, ಅದರ ಜೊತೆಗೆ ಎಕರೆ, ಗುಂಟೆ, ರೂಪಾಯಿ, ಆಣೆ, ಪೈ. ವಂಶಪಾರಂಪರ್ಯದ ಶಾನುಭೋಗಿಕೆ ಹೋದದ್ದು 1963ರಲ್ಲಿ, ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಜಾರಿಗೆ ಬಂದಾಗ. ಆ ಬರಹ ಓದಬಲ್ಲವರಿಗೆ ಈಗ ಎಷ್ಟು ವಯಸ್ಸಾಗಿರಬೇಕು, ಲೆಕ್ಕ ಹಾಕಿ. ಕೊನೆಗೆ ಇಲ್ಲಿಗೆ ಮಗನ ಮನೆಗೆ ಬಂದಿದ್ದ ಗೆಳೆಯನ ತಂದೆ, ಕಂದಾಯ ಇಲಾಖೆಯಲ್ಲಿದ್ದು ನಿವೃತ್ತರಾದವರು, ಎರಡು ಶನಿವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ಕುಳಿತು ಓದಿಕೊಟ್ಟರು. "ಮಗೂ, ಮೊದಲು 'ಬಿನ್' ಮತ್ತು 'ಕೋಂ' ಹುಡುಕು" ಎಂದರು. ಬಿನ್ ಅಂದರೆ ಇಂಥವನ ಮಗ, ಕೋಂ ಅಂದರೆ ಇಂಥವನ ಹೆಂಡತಿ. ನಮ್ಮ ಹಳ್ಳಿಗರ ಇಡೀ ವಂಶಾವಳಿ ಈ ಎರಡು ಸಣ್ಣ ಪದಗಳ ಮೇಲೆ ನಿಂತಿದೆ ಎಂದರೆ ತಪ್ಪಿಲ್ಲ. ನಮ್ಮ ಮಕ್ಕಳಿಗೆ ಕನ್ನಡ ಯಾಕೆ ಕಲಿಸಬೇಕು, ಮಾತಾಡಿದರೆ ಸಾಲದೇ ಎಂದು ಕೇಳುವ ಗೆಳೆಯರು ಇಲ್ಲಿದ್ದಾರೆ. ಸಾಲದು. ಅವರ ಮನೆಯ ಕಾಗದ ಇನ್ನಾವ ಭಾಷೆಯಲ್ಲೂ ಇಲ್ಲ.

ಎರಡನೇ ಶನಿವಾರ 1930ರ ದಶಕದ ಒಂದು ಪೌತಿ ಖಾತೆಯ ನಮೂದು ಸಿಕ್ಕಿತು. ಪೌತಿ ಅಂದರೆ ಸಾವು. ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಜಮೀನು ಬದಲಾಗುವುದು. ಸತ್ತವನು ನನ್ನ ಮುತ್ತಾತ. ಖಾತೆ ಬದಲಾದದ್ದು ಮೈನರ್ ಮಕ್ಕಳ ಪರವಾಗಿ 'ಲಕ್ಕಮ್ಮ ಕೋಂ' ಎಂದು, ಮುಂದೆ ಮುತ್ತಾತನ ಹೆಸರು. ಆಗ ನನ್ನ ತಾತನಿಗೆ ಹತ್ತು ವರ್ಷ ಇದ್ದಿರಬೇಕು. ಐದು ಎಕರೆ ಖುಷ್ಕಿ, ಕೆರೆಯ ಕೆಳಗೆ ಎರಡು ಎಕರೆ. ಒಬ್ಬ ವಿಧವೆ ಅದನ್ನು ಉಳಿಸಿಕೊಂಡಿದ್ದಾಳೆ, ಒಂದು ಗುಂಟೆಯೂ ಕಡಿಮೆಯಾಗಿಲ್ಲ.

ಆದರೆ ಲಕ್ಕಮ್ಮನೇ ಬರಗೂರಮ್ಮನೋ, ಮುತ್ತಾತನಿಗೆ ಇನ್ನೊಬ್ಬ ಹೆಂಡತಿ ಇದ್ದಳೋ? ಅಪ್ಪನಿಗೆ ಗೊತ್ತಿಲ್ಲ, ಚಿಕ್ಕಪ್ಪನಿಗೂ ಗೊತ್ತಿಲ್ಲ. ಇನ್ನು ಯಾರನ್ನು ಕೇಳುವುದು ಎಂದು ಯೋಚಿಸುತ್ತಾ, ಅಪ್ಪ ಮೊದಲ ದಿನ ಕಳಿಸಿದ್ದ ವಂಶವೃಕ್ಷದ ಫೋಟೋ ಮತ್ತೆ ತೆಗೆದು ನೋಡಿದೆ.

ಅದು ಕಂದಾಯ ಇಲಾಖೆಯ ವಂಶವೃಕ್ಷ. ಗ್ರಾಮ ಲೆಕ್ಕಿಗರ ಮೊಹರು, 2006ರ ತಾರೀಖು. ಮೇಲೆ ತಾತನ ಹೆಸರು, ಕೆಳಗೆ ಎರಡು ಗೆರೆ: ಅಪ್ಪ, ಚಿಕ್ಕಪ್ಪ. ಅಷ್ಟೆ. ತಾತನಿಗೆ ಮೂವರು ಮಕ್ಕಳು. ಎಲ್ಲರಿಗಿಂತ ದೊಡ್ಡವರು ನನ್ನ ಅತ್ತೆ, ಪಾವಗಡದ ಕಡೆ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ಅವರಿಗೆ ಗೆರೆಯೇ ಇರಲಿಲ್ಲ. ಮೊದಲ ಸಲ ನೋಡಿದಾಗ ನನ್ನ ಕಣ್ಣಿಗೂ ಅದು ಬೀಳಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಹೇಳುತ್ತೇನೆ.

2006 ಯಾಕೆ ಎಂದು ನನಗೆ ಬೇರೆಯವರು ಹೇಳಬೇಕಾಗಿಲ್ಲ. ನಾನು ಇಂಜಿನಿಯರಿಂಗಿಗೆ ಸೇರಿದ ವರ್ಷ. ತಾತ ತೀರಿಹೋಗಿದ್ದರು, ಖಾತೆ ಅವರ ಹೆಸರಲ್ಲೇ ಇತ್ತು. ಮಾರಬೇಕಾದರೆ ಪೌತಿ ಖಾತೆ ಆಗಬೇಕು, ಅದಕ್ಕೆ ವಂಶವೃಕ್ಷ ಬೇಕು. ಕೆರೆಯ ಕೆಳಗಿನ ಎರಡು ಎಕರೆ, ಅದೇ ಲಕ್ಕಮ್ಮ ಉಳಿಸಿದ ಎರಡು ಎಕರೆ, ನನ್ನ ಫೀಸು ಮತ್ತು ಹಾಸ್ಟೆಲ್ಲಿಗೆ ಹೋಯಿತು.

ಕಾನೂನು ಏನಿತ್ತು ಎಂದೂ ಓದಿಕೊಂಡೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲೇ ತಂದೆಯ ಪಾಲಿಗೆ ಮಗಳೂ ವಾರಸುದಾರಳು. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಕೇಂದ್ರದ 2005ರ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಅಂದರೆ ಯಾವ ರೀತಿ ನೋಡಿದರೂ ಅತ್ತೆಯ ಹೆಸರು ಆ ಹಾಳೆಯಲ್ಲಿ ಇರಬೇಕಿತ್ತು. ಅಪ್ಪ ಕೆಟ್ಟವರಲ್ಲ. "ಎಲ್ಲರೂ ಹಾಗೇ ಬರೆಸೋರು, ಹೆಣ್ಣುಮಕ್ಕಳನ್ನ ಹಾಕಿದ್ರೆ ಸಹಿಗೆ ಓಡಾಡ್ಬೇಕು ಅಂತ ಅವರೇ ಬಿಟ್ರು" ಎಂದರು. ಇಲ್ಲಿ ಕುಳಿತಿರುವ ನಮ್ಮಲ್ಲಿ ಎಷ್ಟು ಜನರ ಡಿಗ್ರಿಯ ಹಿಂದೆ ಇಂಥ ಹಾಳೆ ಇದೆಯೋ, ಒಮ್ಮೆ ಊರಿನ ಪೆಟ್ಟಿಗೆ ತೆಗೆಸಿ ನೋಡಿ.

ಅತ್ತೆಗೆ ಫೋನ್ ಮಾಡಲು ನನಗೆ ಹತ್ತು ದಿನ ಬೇಕಾಯಿತು. ಮೊದಲು ಸುಲಭದ ಪ್ರಶ್ನೆ ಕೇಳಿದೆ.

"ಅತ್ತೆ, ಬರಗೂರಮ್ಮನ ಹೆಸರೇನು, ಗೊತ್ತಾ?"

"ಲಕ್ಕಮ್ಮ ಕಣಪ್ಪ. ನಂಗಿಟ್ಟಿರೋದೂ ಅದೇ ಹೆಸರಲ್ವಾ?"

ಬರಗೂರಮ್ಮ ಹೋದ ಮಾರನೇ ವರ್ಷ ಅತ್ತೆ ಹುಟ್ಟಿದ್ದು, ಹಾಗಾಗಿ ಆ ಹೆಸರೇ ಇಟ್ಟರು. ಆದರೆ ನನ್ನ ಅಜ್ಜಿ ಅತ್ತೆಯ ಹೆಸರು ಬಾಯಲ್ಲಿ ಆಡುವ ಹಾಗಿಲ್ಲವಲ್ಲ, ತನ್ನ ಮಗಳನ್ನು ಕೊನೆಯವರೆಗೂ 'ಪುಟ್ಟವ್ವ' ಎಂದೇ ಕರೆದರು. ಮನೆಯಲ್ಲಿ ಎಲ್ಲರಿಗೂ ಅದೇ ರೂಢಿಯಾಯಿತು. ಶಾಲೆಗೆ ಸೇರಿಸುವಾಗ ಲಕ್ಕಮ್ಮ ಹಳೇ ಹೆಸರಾಯಿತು ಎಂದು ಮೇಷ್ಟ್ರು ಲಕ್ಷ್ಮೀದೇವಿ ಎಂದು ಬರೆದುಕೊಂಡರು. ಅಪ್ಪನಿಗೆ ತನ್ನ ಅಜ್ಜಿಯ ಹೆಸರು ಗೊತ್ತಿಲ್ಲದ್ದಕ್ಕೆ ಕಾರಣ ಇಷ್ಟೇ. ಬರಗೂರಮ್ಮ ಗಂಡ ಸತ್ತ ಮೇಲೆ ತಾನೇ ಏತ ಹೊಡೆದದ್ದು, ಕಡಲೆಕಾಯಿ ಮೂಟೆಯನ್ನು ಗಾಡಿಯಲ್ಲಿ ಸಿರಾ ಸಂತೆಗೆ ಒಯ್ಯುತ್ತಿದ್ದದ್ದು, ಬರಗೂರಿನ ಅಣ್ಣಂದಿರು ಕರೆದರೂ ಮಕ್ಕಳನ್ನು ಬಿಟ್ಟು ತವರಿಗೆ ಹೋಗದೇ ಇದ್ದದ್ದು, ಎಲ್ಲ ಅತ್ತೆ ಹೇಳಿದರು. ನಲವತ್ತು ನಿಮಿಷ. ಅಷ್ಟನ್ನೂ ರೆಕಾರ್ಡ್ ಮಾಡಿಕೊಂಡಿದ್ದೇನೆ, ಅತ್ತೆಗೆ ಹೇಳಿಯೇ.

ಆಮೇಲೆ ಇನ್ನೊಂದು ವಿಷಯ ಎತ್ತಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿರಲಿಲ್ಲ.

"ಗೊತ್ತಿತ್ತು ಮಗ. ನಿನ್ನ ಓದಿಗೆ ಅಂತ ಸುಮ್ಮನಿದ್ದೆ. ಕೇಳಿದ್ರೆ ನಾನೇ ಬಂದು ಹೆಬ್ಬೆಟ್ಟು ಒತ್ತಿ ಹೋಗ್ತಿದ್ದೆ. ಯಾರೂ ಕೇಳ್ಲಿಲ್ಲ."

ಅತ್ತೆ ಏಳನೇ ಕ್ಲಾಸು ಓದಿದವರು. ಅವರಿಗೆ ಸಹಿ ಮಾಡಲು ಬರುತ್ತದೆ.

ಮಗಳ ಹೋಮ್‌ವರ್ಕು ಎಂದೋ ಮುಗಿಯಿತು. ಟೀಚರ ಹಾಳೆಯಲ್ಲಿ ಅತ್ತೆಯರಿಗೆ ಚೌಕ ಇರಲಿಲ್ಲ, ಹಾಗಾಗಿ ನಾವು ಮನೆಗೆ ಬೇರೆಯದೇ ಒಂದು ಮಾಡಿಕೊಂಡೆವು, ಎಲ್ಲ ಕನ್ನಡದಲ್ಲಿ. ಮಗಳು ಲಕ್ಕಮ್ಮ ಎಂಬುದರ ಕ-ಒತ್ತನ್ನು ಮೂರು ಸಲ ತಪ್ಪು ಬರೆದು ನಾಲ್ಕನೇ ಸಲ ಸರಿ ಮಾಡಿದಳು. ಹೊಸ ಮರದಲ್ಲಿ ಆ ಹೆಸರು ಎರಡು ಕಡೆ ಬರುತ್ತದೆ.

ಇನ್ನೂ ಮೂವರು ಮುತ್ತಜ್ಜಿಯರ ಚೌಕ ಖಾಲಿಯೇ ಇದೆ. ಊರಿನಲ್ಲಿ ಖುಷ್ಕಿ ಐದು ಎಕರೆ ಇನ್ನೂ ಅಪ್ಪ, ಚಿಕ್ಕಪ್ಪನ ಜಂಟಿ ಖಾತೆಯಲ್ಲಿದೆ. ಡಿಸೆಂಬರ್ ರಜೆಗೆ ಹೋಗುತ್ತಿದ್ದೇನೆ, ಮೂರು ಗೆರೆಯ ವಂಶವೃಕ್ಷಕ್ಕೆ ಅರ್ಜಿ ಹಾಕಿಸಬೇಕು ಎಂದಿದ್ದೇನೆ. ಚಿಕ್ಕಪ್ಪ ಒಪ್ಪಿದ್ದಾರೆ. ಅಪ್ಪ ಇನ್ನೂ ಏನೂ ಹೇಳಿಲ್ಲ.